500 ವ್ಯಾಟ್ ಅಂತ ಬರೆದಿದೆಯಲ್ಲ ಸಾರ್!

ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಬೈಕಿನಲ್ಲಿ, ಹಿಂದೆ ಕೂತ ಗೆಳೆಯನ ತೊಡೆಯ ಮೇಲೆ ಕಂಪ್ಯೂಟರ್ ಇಡಿಸಿಕೊಂಡು ಅಂಗಡಿಗೆ ಬಂದ. ಎರಡು ವರ್ಷ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡಿನಲ್ಲಿ ಆಡಿಕೊಂಡಿದ್ದವನು ಈಗ ಯಾರಿಂದಲೋ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3070 ಕೊಂಡಿದ್ದ. ಬ್ರೌಸರ್ ತೆರೆದರೆ ಸರಿ, ಸಿನಿಮಾ ನೋಡಿದರೂ ಸರಿ. ಗೇಮ್ ಶುರು ಮಾಡಿ ಹತ್ತು ನಿಮಿಷಕ್ಕೆ ಟಪ್ ಅಂತ ಆಫ್. "ಹಾಳಾಗಿರೋ ಕಾರ್ಡ್ ಕೊಟ್ಟು ಟೋಪಿ ಹಾಕಿದ್ದಾರೆ ಸಾರ್" ಅನ್ನುವುದು ಅವನ ತೀರ್ಮಾನ.

ನಾನು ಕಾರ್ಡನ್ನು ಮುಟ್ಟಲಿಲ್ಲ. ಪಕ್ಕದ ಮುಚ್ಚಳ ತೆಗೆದು, ಒಳಗೆಲ್ಲ ಕರೆಂಟ್ ಹಂಚುವ ಡಬ್ಬ, ಅಂದರೆ ಎಸ್‌ಎಂಪಿಎಸ್ ಮೇಲಿನ ಚೀಟಿ ಓದಿದೆ. ಕ್ಯಾಬಿನೆಟ್ ಜೊತೆಗೇ ಬಂದದ್ದು, ಕೈಯಲ್ಲಿ ಎತ್ತಿದರೆ ಖಾಲಿ ಡಬ್ಬದ ಹಾಗೆ ಹಗುರ. "500 ವ್ಯಾಟ್ ಅಂತ ಬರೆದಿದೆಯಲ್ಲ ಸಾರ್!" ಬರೆದಿತ್ತು, ದಪ್ಪ ಅಕ್ಷರದಲ್ಲೇ. ಅದರ ಕೆಳಗೆ ಸಣ್ಣ ಅಕ್ಷರದ ಒಂದು ಪಟ್ಟಿ ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಅಲ್ಲಿ 12 ವೋಲ್ಟ್ ಎದುರಿಗೆ 25 ಆಂಪ್ಸ್ ಅಂತಿತ್ತು. ಹನ್ನೆರಡನ್ನು ಇಪ್ಪತ್ತೈದರಿಂದ ಗುಣಿಸಿದರೆ 300 ವ್ಯಾಟ್. ಇವನ ಕಂಪ್ಯೂಟರಿಗೆ ಲೆಕ್ಕಕ್ಕೆ ಬರುವುದು ಇಷ್ಟೇ.

ಎಸ್‌ಎಂಪಿಎಸ್ ಗೋಡೆಯಿಂದ ಬರುವ 230 ವೋಲ್ಟನ್ನು 12, 5, 3.3 ವೋಲ್ಟ್ ಡಿಸಿ ಮಾಡಿ ಒಳಗೆ ಹಂಚುತ್ತದೆ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಫ್ಯಾನ್ ಎಲ್ಲವೂ ಎಳೆಯುವುದು 12ರಿಂದ. 5 ಮತ್ತು 3.3ಕ್ಕೆ ಈಗ ಯುಎಸ್‌ಬಿ, ಎಸ್‌ಎಸ್‌ಡಿ ತರಹದ ಸಣ್ಣಪುಟ್ಟ ಕೆಲಸ. ಇಪ್ಪತ್ತು ವರ್ಷದ ಹಿಂದೆ ಕಥೆ ಬೇರೆ ಇತ್ತು, 5 ವೋಲ್ಟಿಗೂ ಜಾಸ್ತಿ ಭಾರ ಬೀಳುತ್ತಿತ್ತು. ಅಗ್ಗದ ಎಸ್‌ಎಂಪಿಎಸ್‌ಗಳು ಇನ್ನೂ ಆ ಕಾಲದಲ್ಲೇ ಇವೆ. ಯಾರೂ ಬಳಸದ ವೋಲ್ಟೇಜಿನ ವ್ಯಾಟನ್ನೂ ಕೂಡಿಸಿ ಮುಂದೆ 500 ಅಂತ ಅಚ್ಚು ಹಾಕಿರುತ್ತಾರೆ. ಒಳ್ಳೆಯ 550 ವ್ಯಾಟಿನ ಎಸ್‌ಎಂಪಿಎಸ್ ಚೀಟಿ ನೋಡಿ, 12 ವೋಲ್ಟ್ ಎದುರಿಗೆ 45 ಆಂಪ್ಸ್ ಆಸುಪಾಸು ಇರುತ್ತದೆ. 12 ವೋಲ್ಟಿಗೆ ಎರಡು ಸಾಲು ಇದ್ದರೆ ಮಾತ್ರ ಆಂಪ್ಸ್‌ಗಳನ್ನು ಸುಮ್ನೆ ಕೂಡಿಸಬೇಡಿ. ಎರಡೂ ಸೇರಿ ಎಷ್ಟು ವ್ಯಾಟ್ ಅಂತ ಅಲ್ಲೇ ಬರೆದಿರುತ್ತದೆ.

ಈಗ ಹುಡುಗನ ಲೆಕ್ಕ. 3070 ಕಾರ್ಡಿಗೆ 220 ವ್ಯಾಟ್. ಅವನ ರೈಝೆನ್ 5 5600 ಪ್ರೊಸೆಸರಿಗೆ ಪೆಟ್ಟಿಗೆ ಮೇಲೆ 65 ಅಂತಿದ್ದರೂ ಪೂರ್ತಿ ದುಡಿಯುವಾಗ 76ರವರೆಗೆ ಎಳೆಯುತ್ತದೆ. ಮದರ್‌ಬೋರ್ಡ್, ರ್‍ಯಾಮ್, ಡಿಸ್ಕ್, ಫ್ಯಾನ್ ಎಲ್ಲಕ್ಕೂ ಸೇರಿ 50 ಹಿಡಿಯೋಣ. ಒಟ್ಟು 346. ಇರುವುದು 300. ಹಳೆಯ 1650 ಮದರ್‌ಬೋರ್ಡ್ ಸ್ಲಾಟ್ ಕೊಡುವ 75 ವ್ಯಾಟಿನಲ್ಲೇ ಬದುಕುತ್ತಿತ್ತು, ಹಾಗಾಗಿ ಎರಡು ವರ್ಷ ಯಾವ ತಕರಾರೂ ಬರಲಿಲ್ಲ.

346 ಕೂಡ ಸರಾಸರಿ ಲೆಕ್ಕ. ಗ್ರಾಫಿಕ್ಸ್ ಕಾರ್ಡ್ ನೀರಿನ ನಲ್ಲಿಯ ಹಾಗೆ ಒಂದೇ ಸಮನೆ ಎಳೆಯುವುದಿಲ್ಲ. ಪರದೆ ಮೇಲೆ ಒಂದು ಸ್ಫೋಟ ಬಂತು ಅಂದರೆ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ತನ್ನ ಲೆಕ್ಕ ಮೀರಿ ಒಮ್ಮೆಲೇ ಜಗ್ಗುತ್ತದೆ. ಆರ್‌ಟಿಎಕ್ಸ್ 3000 ಸರಣಿಯಲ್ಲಿ ಈ ಚಾಳಿ ಜಾಸ್ತಿ. ಆಗ ಎಸ್‌ಎಂಪಿಎಸ್ ಒಳಗಿನ ರಕ್ಷಣೆಯ ಸರ್ಕ್ಯೂಟ್ ಎಚ್ಚರವಾಗಿ ಕಂಪ್ಯೂಟರನ್ನು ಆಫ್ ಮಾಡುತ್ತದೆ. ಆಫ್ ಆಗಿದ್ದು ಅವನ ಪುಣ್ಯ. ಆಫ್ ಆಗದೆ ಸುಟ್ಟುಕೊಂಡು, ಜೊತೆಗೆ ಮದರ್‌ಬೋರ್ಡನ್ನೂ ಕರೆದುಕೊಂಡು ಹೋದವು ನನ್ನ ಮೇಜಿನ ಮೇಲೆ ಬಂದಿವೆ.

ಕಾರ್ಡಿನ ತಪ್ಪೋ ಎಸ್‌ಎಂಪಿಎಸ್ ತಪ್ಪೋ ಅಂತ ಅನುಮಾನ ಇದ್ದರೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಆಫ್ಟರ್‌ಬರ್ನರ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಕಾರ್ಡಿನ ಪವರ್ ಲಿಮಿಟ್, ಅಂದರೆ ಅದು ಎಳೆಯಬಹುದಾದ ವ್ಯಾಟಿನ ಮಿತಿಯನ್ನು ಶೇ. 60ಕ್ಕೆ ಇಳಿಸಿ ಆಡಿ. ಆಫ್ ಆಗುವುದು ನಿಂತರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ. ಹುಡುಗನ ಎದುರಿಗೇ ಹೀಗೆ ಮಾಡಿ ಒಂದು ಗಂಟೆ ಓಡಿಸಿದೆ. ಏನೂ ಆಗಲಿಲ್ಲ. ಕಾರ್ಡ್ ಮಾರಿದವನ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು.

ನನಗೆ ಭಯ ಹುಟ್ಟಿಸಿದ್ದು ಬೇರೆ. ಆ ಕಾರ್ಡಿಗೆ ಎರಡು 8 ಪಿನ್ ಕೇಬಲ್ ಬೇಕು. ಎಸ್‌ಎಂಪಿಎಸ್‌ನಲ್ಲಿ ಇದ್ದದ್ದು ಒಂದೇ. ಎರಡನೆಯದಕ್ಕೆ ಮಾರ್ಕೆಟ್ಟಿನಿಂದ, ಹಳೆಯ ಡಿಸ್ಕ್‌ಗಳಿಗೆ ಹಾಕುವ ನಾಲ್ಕು ಪಿನ್ನಿನ ಮೊಲೆಕ್ಸ್ ಕೇಬಲಿನಿಂದ ಕರೆಂಟ್ ತೆಗೆಯುವ ಒಂದು ಅಡಾಪ್ಟರ್ ತಂದು ಸಿಕ್ಕಿಸಿದ್ದ. 8 ಪಿನ್ ಕೇಬಲಿನಲ್ಲಿ 12 ವೋಲ್ಟಿಗೆ ಮೂರು ತಂತಿ ಇರುತ್ತವೆ, ಅದು ಹೊರಬೇಕಾದದ್ದು 150 ವ್ಯಾಟ್, ಅಂದರೆ 12.5 ಆಂಪ್ಸ್. ಮೊಲೆಕ್ಸ್‌ನಲ್ಲಿ ಇರುವುದು ಒಂದೇ ಹಳದಿ ತಂತಿ. ಮೂವರು ಹೊರುವ ಮೂಟೆ ಒಬ್ಬನ ತಲೆ ಮೇಲೆ. ಬಿಚ್ಚಿ ನೋಡಿದರೆ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಇಂಥ ಅಡಾಪ್ಟರ್ ಬೇಕಾಗಿದೆ ಅಂದರೆ ಆ ಎಸ್‌ಎಂಪಿಎಸ್ ಆ ಕಾರ್ಡಿಗೆ ಮಾಡಿದ್ದಲ್ಲ ಅಂತಲೇ ಅರ್ಥ.

ಹಾಗಾದರೆ ಎಷ್ಟು ವ್ಯಾಟಿನದು ತೆಗೆದುಕೊಳ್ಳಬೇಕು? ಕಾರ್ಡಿನ ಕಂಪನಿ ಹೇಳುವ ಸಂಖ್ಯೆ ಯಾವಾಗಲೂ ಸ್ವಲ್ಪ ಉಬ್ಬಿರುತ್ತದೆ. 3070ಕ್ಕೆ 650 ಅನ್ನುತ್ತಾರೆ, 200 ವ್ಯಾಟಿನ ಆರ್‌ಟಿಎಕ್ಸ್ 4070ಕ್ಕೂ 650. ನಿಮ್ಮ ಬಳಿ ಯಾವ ಎಸ್‌ಎಂಪಿಎಸ್ ಇದೆಯೋ ಅವರಿಗೇನು ಗೊತ್ತು, ಅದಕ್ಕೇ ಈ ಧಾರಾಳ. ನಾನು ಹೀಗೆ ಮಾಡುತ್ತೇನೆ: ಮೇಲಿನ ಹಾಗೆ ಕೂಡಿಸಿ, ಬಂದದ್ದಕ್ಕೆ ಇನ್ನೊಂದು ಅರ್ಧ ಸೇರಿಸುತ್ತೇನೆ. ಇವನಿಗೆ 520 ಬಂತು. ಒಳ್ಳೆಯ 550 ಸಾಕು. ಮುಂದೆ ಮತ್ತೆ ಕಾರ್ಡ್ ಬದಲಿಸುತ್ತಾನೆ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು, 650 ಹಾಕಿದೆ. ಇದೇ ಹುಡುಗ 115 ವ್ಯಾಟಿನ ಆರ್‌ಟಿಎಕ್ಸ್ 4060 ತಂದಿದ್ದರೆ ಒಳ್ಳೆಯ 450ರಲ್ಲಿ ಮುಗಿಯುತ್ತಿತ್ತು. 575 ವ್ಯಾಟಿನ 5090 ಕೊಳ್ಳುವವರು 1000ಕ್ಕೆ ಹೋಗಲೇಬೇಕು. ಉಳಿದವರಿಗೆ ಹೆಸರಿಲ್ಲದ 1000ಕ್ಕಿಂತ ಹೆಸರಿರುವ 550 ವಾಸಿ.

80 ಪ್ಲಸ್ ಬ್ರಾಂಜ್, ಗೋಲ್ಡ್ ಅನ್ನುವ ಮುದ್ರೆಯನ್ನು ಜನ ಚಿನ್ನದ ಹಾಲ್‌ಮಾರ್ಕ್ ಅಂದುಕೊಂಡಿದ್ದಾರೆ. ಗೋಡೆಯಿಂದ ಎಳೆದದ್ದರಲ್ಲಿ ಎಷ್ಟು ಪಾಲು ಒಳಗೆ ತಲುಪುತ್ತದೆ, ಎಷ್ಟು ಬಿಸಿಯಾಗಿ ಪೋಲಾಗುತ್ತದೆ ಅನ್ನುವುದಷ್ಟೇ ಅದರಲ್ಲಿರುವುದು. ಜಗ್ಗಾಟ ತಡೆಯುತ್ತದೋ, ಎಷ್ಟು ವರ್ಷ ಬಾಳುತ್ತದೋ ಅದು ಹೇಳುವುದಿಲ್ಲ. ನಾನು ವಾರಂಟಿ ನೋಡುತ್ತೇನೆ. ಐದು ವರ್ಷಕ್ಕಿಂತ ಕಡಿಮೆ ಕೊಡುವ ಕಂಪನಿಗೆ ತನ್ನ ಮಾಲಿನ ಮೇಲೇ ನಂಬಿಕೆ ಇಲ್ಲ. 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮ ಈ ಮುದ್ರೆಗಿಂತ ಕೆಲಸಕ್ಕೆ ಬರುತ್ತದೆ. ಹೊಸ 16 ಪಿನ್ ಕನೆಕ್ಟರ್ ಇರುವ ಎಸ್‌ಎಂಪಿಎಸ್, ತನ್ನ ತಾಕತ್ತಿನ ಎರಡರಷ್ಟು ಭಾರವನ್ನು 100 ಮೈಕ್ರೋಸೆಕೆಂಡ್ ಹೊತ್ತು ತಡೆದುಕೊಳ್ಳಬೇಕು ಅಂತ ಅದು ಹೇಳುತ್ತದೆ. ಆ 16 ಪಿನ್ ಕನೆಕ್ಟರನ್ನು ಕೊನೆವರೆಗೂ ಒತ್ತಿ ಕೂರಿಸಿ. ಸಡಿಲ ಬಿಟ್ಟು ಕರಗಿಸಿಕೊಂಡವರಿದ್ದಾರೆ.

ಎಸ್‌ಎಂಪಿಎಸ್ ಬದಲಿಸುವಾಗ ಹಳೆಯದರ ಕೇಬಲ್‌ಗಳನ್ನು ಹಾಗೇ ಬಿಟ್ಟು ಹೊಸದಕ್ಕೆ ಚುಚ್ಚುವ ಸೋಮಾರಿತನ ಬೇಡ. ಕಾರ್ಡಿನ ಕಡೆ ಪಿನ್ ಒಂದೇ ತರಹ ಇದ್ದರೂ ಎಸ್‌ಎಂಪಿಎಸ್ ಕಡೆ ಒಂದೊಂದು ಕಂಪನಿಯದು ಒಂದೊಂದು ಜೋಡಣೆ. 5 ವೋಲ್ಟ್ ಹೋಗಬೇಕಾದ ಕಡೆ 12 ಹೋಗಿ, ಮದುವೆ ಫೋಟೋಗಳಿದ್ದ ಹಾರ್ಡ್ ಡಿಸ್ಕ್ ಸತ್ತದ್ದನ್ನು ನೋಡಿದ್ದೇನೆ. ಇನ್ನು ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತದೆ ಅಂತ ಎಸ್‌ಎಂಪಿಎಸ್ ವಾಪಸ್ ತರುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ತಪ್ಪು ಮನೆಯ ಅರ್ಥಿಂಗ್‌ದು. ಎಲೆಕ್ಟ್ರಿಷಿಯನ್‌ನನ್ನು ಕರೆಸಿ.

ಹುಡುಗ ಖುಷಿಯಿಂದ ಹೋದ. ಮೂರನೇ ದಿನ ಫೋನ್. "ಸಾರ್, ಕರೆಂಟ್ ಹೋದ ತಕ್ಷಣ ಯುಪಿಎಸ್ ಕುಯ್ ಅಂತ ಕೂಗಿ ಎಲ್ಲ ಆಫ್!" ಅವನದು 600 ವಿಎ ಯುಪಿಎಸ್. ವಿಎ ಅಂದರೆ ವ್ಯಾಟ್ ಅಲ್ಲ, ಅದು ಹೊರುವುದು 360 ವ್ಯಾಟ್. ಇವನ 346ಕ್ಕೆ ಎಸ್‌ಎಂಪಿಎಸ್ ಪೋಲು ಮಾಡುವುದನ್ನು ಸೇರಿಸಿದರೆ 400 ದಾಟುತ್ತದೆ, ಮೇಲೆ ಮಾನಿಟರ್ ಬೇರೆ. ದೊಡ್ಡ ಯುಪಿಎಸ್‌ಗೆ ಮತ್ತೆ ದುಡ್ಡು ಬೇಕು, ಅಪ್ಪನನ್ನು ಈ ತಿಂಗಳು ಕೇಳುವ ಹಾಗಿಲ್ಲ ಅಂದ. ಸದ್ಯಕ್ಕೆ ಪವರ್ ಲಿಮಿಟ್ ಶೇ. 60ಕ್ಕೇ ಇಟ್ಟುಕೊಂಡು ಆಡುತ್ತಿದ್ದಾನೆ.