ಕ್ಯೋಟೋದ ಹೊಳೆ ಮೇಲಿನ ಜಗಲಿ

ಜಪಾನಿನ ಕ್ಯೋಟೋ ಮೂರು ಕಡೆ ಬೆಟ್ಟ ಸುತ್ಕೊಂಡಿರೋ ಊರು, ಜುಲೈ ಆಗಸ್ಟಲ್ಲಿ ಗಾಳೀನೇ ಅಲ್ಲಾಡಲ್ಲ, ಮೈ ಬೆವರು ಆರಲ್ಲ, ಹಾಗಾಗಿ ಸಂಜೆ ಆಗ್ತಿದ್ದಂಗೆ ಜನ ಕಾಮೊ ಹೊಳೆ ದಂಡೆಗೆ ಬರ್ತಾರೆ. ಹೀಗೆ ತಂಪಿಗೆ ಕೂರೋದಕ್ಕೆ ಅಂತಲೇ ಜಪಾನಿ ಭಾಷೆಯಲ್ಲಿ ಒಂದು ಪದ ಇದೆ, ನೋರ್ಯೋ. ಹೋಟೆಲ್‌ಗಳ ಹಿಂಭಾಗದಿಂದ ಹೊಳೆ ಕಡೆಗೆ ಕಂಬ ನೆಟ್ಟು, ಹಲಗೆ ಹಾಸಿ, ಕಾಗದದ ದೀಪ ತೂಗುಹಾಕಿ ಮಾಡೋ ಜಗಲಿಗೆ ಯುಕಾ ಅಂತಾರೆ. ಸೀಸನ್ ಮುಗಿದ್ರೆ ಪೂರ್ತಿ ಬಿಚ್ಚಿಡ್ತಾರೆ.

ಎಡೋ ಕಾಲದಲ್ಲಿ, ಅಂದ್ರೆ 1603ರಿಂದ 1868ರ ತನಕ, ಇಷ್ಟೆಲ್ಲಾ ಎತ್ತರ ಇರ್ಲಿಲ್ಲ. ಹೊಳೆ ಮಧ್ಯದ ಮರಳು ದಿಬ್ಬದ ಮೇಲೆ, ತೆಳ್ಳಗೆ ಹರಿಯೋ ನೀರಿನಲ್ಲೇ ಕುಳ್ಳ ಮಂಚ ಹಾಕಿ ಕೂರ್ತಿದ್ರು, ಪಕ್ಕದಲ್ಲೇ ನಾಟಕ, ಟೀ ಅಂಗಡಿ, ತಮಾಷೆ. ಅತ್ತ ಎಡೋದಲ್ಲಿ, ಅಂದ್ರೆ ಈಗಿನ ಟೋಕಿಯೋದಲ್ಲಿ, ಸುಮಿದಾ ನದೀಲಿ ದೋಣಿ ಹತ್ತಿ ರ‍್ಯೋಗೋಕು ಸೇತುವೆ ಹತ್ರ ಪಟಾಕಿ ನೋಡೋದೇ ತಂಪು.

ಕ್ಯೋಟೋದ ಮಂಚಗಳನ್ನ ತೆಗೆಸಿದ್ದು ಮಾತ್ರ ಹವಾಮಾನ ಅಲ್ಲ, ಕಾಮಗಾರಿ. ಹೊಳೆ ಪಾತ್ರ ಅಗೆದು ಸರಿಪಡಿಸಿದ್ರು, ಪೂರ್ವ ದಂಡೆಗೆ ಕಾಲುವೆ ಬಂತು, 1915ರಲ್ಲಿ ರೈಲು ಹಳಿ ಬಂತು, ಆ ಕಡೆಯ ಜಗಲಿಗಳು ಮಾಯ ಆದವು. 1935ರ ಪ್ರವಾಹ ಉಳಿದಿದ್ದನ್ನೂ ಕೊಚ್ಕೊಂಡು ಹೋಯ್ತು, ಆಮೇಲೆ ಎರಡನೇ ಮಹಾಯುದ್ಧ. ಈಗ ನೋಡೋ ಯುಕಾಗಳೆಲ್ಲ ಪಶ್ಚಿಮ ದಂಡೇಲಿ, ಅವುಗಳ ಅಡಿಯಲ್ಲಿ ಹರಿಯೋದು ಕೂಡ ಮುಖ್ಯ ಹೊಳೆ ಅಲ್ಲ, ಅದರ ಪಕ್ಕ ತೋಡಿದ ಸಣ್ಣ ಕಾಲುವೆ. ಇದು ಗೊತ್ತಾದಾಗ ನಂಗೆ ನಿಜಕ್ಕೂ ಬೇಜಾರಾಯ್ತು.

ಮನೆಗಳಲ್ಲಿ ಇನ್ನೂ ಸರಳ. ಬಕೆಟ್ಟು, ಮರದ ಸೌಟು ಹಿಡ್ಕೊಂಡು ಬಾಗಿಲ ಮುಂದೆ ನೀರು ಚಿಮುಕಿಸ್ತಾರೆ, ಇದು ಉಚಿಮಿಜು. ನೀರು ಆವಿ ಆಗ್ತಾ ನೆಲದ ಕಾವು ಎಳ್ಕೊಂಡು ಹೋಗುತ್ತೆ, ಆದ್ರೆ ಮಟಮಟ ಮಧ್ಯಾಹ್ನ ಕಾದ ಟಾರ್ ಮೇಲೆ ಸುರಿದ್ರೆ ಸೆಕೆ ಇನ್ನೂ ಹೆಚ್ಚು, ಬೆಳಗ್ಗೆ ಇಲ್ಲಾ ಸಂಜೇನೇ ಹಾಕ್ಬೇಕು. 2003ರಲ್ಲಿ ಟೋಕಿಯೋದಲ್ಲಿ ಇದನ್ನೇ ಅಭಿಯಾನ ಮಾಡಿದ್ರು, ಸ್ನಾನ ಮಾಡಿ ಉಳಿದ ನೀರು, ಮಳೆ ನೀರೇ ಬಳಸಿ ಅಂತ. ಸೂರಿಗೆ ಕಟ್ಟೋ ಫೂರಿನ್ ಗಂಟೆ ಅಂತೂ ತಂಪು ಮಾಡೋದೇ ಇಲ್ಲ, ನಾಲಿಗೆಗೆ ಕಟ್ಟಿದ ಕಾಗದದ ಪಟ್ಟಿ ಅಲುಗಿ ಟಿಂಗ್ ಅಂದ್ರೆ ಗಾಳಿ ಬಂತು ಅಂತ ಗೊತ್ತಾಗುತ್ತೆ, ಅಷ್ಟಕ್ಕೇ ಜೀವಕ್ಕೆ ಹಾಯ್ ಅನ್ಸುತ್ತೆ.

ಈಗ ಆ ಗಾಳಿಯೇ ಬಿಸಿ. 2018ರ ಜುಲೈಯಲ್ಲಿ ಟೋಕಿಯೋ ಹತ್ರದ ಕುಮಗಾಯ ಊರಲ್ಲಿ 41.1 ಡಿಗ್ರಿ ಮುಟ್ಟಿತ್ತು. ಒಂದು ಕಾಲದಲ್ಲಿ ಜುಲೈ ಆಗಸ್ಟಿಗೆ ಅಂತಲೇ ಇದ್ದ ಕಾಮೊ ಜಗಲಿ ಈಗ ಮೇ ತಿಂಗಳಲ್ಲೇ ಶುರು ಆಗುತ್ತೆ, ಹಗಲೂಟಕ್ಕೆ ಅಲ್ಲಿ ಕೂರ್ಬೇಕಂದ್ರೆ ಮೇ ತಿಂಗಳಲ್ಲಿ ಹೋಗ್ಬೇಕು, ಇಲ್ಲಾಂದ್ರೆ ಸೆಪ್ಟೆಂಬರ್ ತನಕ ಕಾಯ್ಬೇಕು.