ಅಂಗಡಿಯ ಹುಲಿಯಿಂದ ವಿಧಾನಸೌಧದ ನಿಂಬೆಹಣ್ಣಿನವರೆಗೆ

ಚುನಾವಣೆ ಹತ್ತಿರ ಬಂತೆಂದರೆ ಹಾಸನ, ಚಿಕ್ಕಮಗಳೂರು ಕಡೆ ಕೆಲವು ಮಾತು ತಪ್ಪದೆ ಕೇಳಿಬರುತ್ತವೆ. ಅವರು ಕೇರಳಕ್ಕೆ ಹೋಗಿ ಪ್ರಶ್ನೆ ಇಡಿಸಿಕೊಂಡು ಬಂದರಂತೆ. ಇವರ ತೋಟದ ಗೇಟಿನ ಹತ್ತಿರ ಕುಂಕುಮ ಹಚ್ಚಿದ ನಿಂಬೆಹಣ್ಣು ಬಿದ್ದಿತ್ತಂತೆ. ಕಣ್ಣಾರೆ ಕಂಡವರು ಯಾರು ಅಂತ ಕೇಳಿದರೆ ಉತ್ತರವಿಲ್ಲ. ಮಾತು ಮಾತ್ರ ನಿಲ್ಲುವುದಿಲ್ಲ.

2019ರ ಜುಲೈನಲ್ಲಿ ಮೈತ್ರಿ ಸರ್ಕಾರ ಅಲುಗಾಡುತ್ತಿದ್ದಾಗ ಈ ಮಾತು ವಿಧಾನಸಭೆಯೊಳಗೇ ಬಂತು. ಹೊಳೆನರಸೀಪುರದ ಶಾಸಕ, ಆಗಿನ ಲೋಕೋಪಯೋಗಿ ಸಚಿವ ಎಚ್.ಡಿ. ರೇವಣ್ಣ ಅವರ ಕೈಯಲ್ಲಿದ್ದ ನಿಂಬೆಹಣ್ಣಿನ ಬಗ್ಗೆ ಎಲ್ಲರೂ ಆಡಿಕೊಳ್ಳುತ್ತಿದ್ದರು. ಅವರು ದೇವಸ್ಥಾನಕ್ಕೆ ಹೋಗುವವರು, ಮಾಟಮಂತ್ರದಿಂದ ಸರ್ಕಾರ ಉಳಿಸಿಕೊಳ್ಳಲು ಆಗುತ್ತದೆಯೇ ಎಂದು ಮುಖ್ಯಮಂತ್ರಿ ಕುಮಾರಸ್ವಾಮಿ ಸದನದಲ್ಲೇ ಕೇಳಿದರು. ಜುಲೈ 23ರಂದು ವಿಶ್ವಾಸಮತಕ್ಕೆ 99 ಮತ ಬಂತು, ವಿರುದ್ಧ 105. ಸರ್ಕಾರ ಬಿತ್ತು.

ಇದನ್ನೆಲ್ಲ ನಾವು ಈಚಿನ ಹುಚ್ಚು ಅಂದುಕೊಳ್ಳುತ್ತೇವೆ. ಆದರೆ ಗುಪ್ತವಿದ್ಯೆಗೂ ಅಧಿಕಾರಕ್ಕೂ ಇರುವ ನಂಟು ನಮ್ಮ ಜಿಲ್ಲೆಗಳಲ್ಲಿ ಹೊಯ್ಸಳರಷ್ಟೇ ಹಳೆಯದು. ಒಂದೇ ವ್ಯತ್ಯಾಸ. ಅಂದು ಅದರಲ್ಲಿ ಬಹಳಷ್ಟು ಬಯಲಲ್ಲೇ ಇತ್ತು, ಇಂದು ಬಾಗಿಲು ಹಾಕಿಕೊಂಡು ನಡೆಯುತ್ತದೆ. ನನಗೆ ಮಂತ್ರಕ್ಕಿಂತ ಆ ಮುಚ್ಚಿದ ಬಾಗಿಲೇ ಜಾಸ್ತಿ ಚಿಂತೆಯ ವಿಷಯ.

ಮೂಡಿಗೆರೆ ತಾಲ್ಲೂಕಿನಲ್ಲಿ ಅಂಗಡಿ ಎಂಬ ಸಣ್ಣ ಊರಿದೆ. ಹೊಯ್ಸಳರ ಮೂಲಸ್ಥಾನ ಸೊಸೆವೂರು ಇದೇ. ಶಾಸನಗಳಲ್ಲಿ ಶಶಕಪುರ ಅಂತಲೂ ಬರುತ್ತದೆ. ಸಳ ಹುಲಿ ಹೊಡೆದ ಕತೆಯನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಜೈನ ಮುನಿ ಪಾಠ ಹೇಳುತ್ತಿದ್ದರು, ಹುಲಿ ನುಗ್ಗಿತು, ಮುನಿ ಹೊಡೆ ಅಂದರು, ಸಳ ಹೊಡೆದ. ಆದರೆ ಶಾಸನಗಳು ಈ ಕತೆಯನ್ನು ಒಂದೇ ಥರ ಹೇಳುವುದಿಲ್ಲ. ಒಂದರಲ್ಲಿ ಮುನಿ ಪಾಠ ಹೇಳುತ್ತಿರಲಿಲ್ಲ. ಸಳನ ಏಳಿಗೆಗಾಗಿ ಶಶಕಪುರದ ಪದ್ಮಾವತಿ ದೇವಿಯನ್ನು ಮಂತ್ರದಿಂದ ವಶ ಮಾಡಿಕೊಳ್ಳಲು ಕೂತಿದ್ದರು. ಆ ಮಂತ್ರ ಕೆಡಿಸಲೆಂದೇ ಹುಲಿ ಎರಗಿತು.

ಇದು ಕತೆಯೇ, ನಿಜ. ಆದರೆ ಒಂದು ರಾಜವಂಶದ ಕಾಲದಲ್ಲಿ, ಅದರ ಹುಟ್ಟಿನ ಬಗ್ಗೆಯೇ, ಕಲ್ಲಿನಲ್ಲಿ ಕೊರೆಸಿದ ಕತೆ. ರಾಜ್ಯ ಬಂದದ್ದರಲ್ಲಿ ಮಂತ್ರದ ಪಾಲೂ ಇದೆ ಅಂತ ಹೇಳಲು ಅವರಿಗೆ ಸಂಕೋಚವಿರಲಿಲ್ಲ. ಆ ಕಾದಾಟವನ್ನೇ ಲಾಂಛನ ಮಾಡಿಕೊಂಡು ಗುಡಿಗಳ ಮೇಲೆ ನಿಲ್ಲಿಸಿದರು.

ಕಣ್ಣಾರೆ ನೋಡಬೇಕೆಂದರೆ ದೊಡ್ಡಗದ್ದವಳ್ಳಿಗೆ ಹೋಗಬೇಕು. ಹಾಸನದಿಂದ ಬೇಲೂರಿನ ಕಡೆ ಹೊರಟರೆ ಸಿಗುತ್ತದೆ. ಕೆರೆ ಪಕ್ಕದಲ್ಲಿ ಲಕ್ಷ್ಮೀದೇವಿ ಗುಡಿ. 1113ರ ಸುಮಾರಿಗೆ, ವಿಷ್ಣುವರ್ಧನನ ಕಾಲದಲ್ಲಿ, ಕುಲ್ಲಹಣ ರಾಹುತ ಎಂಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ ಕಟ್ಟಿಸಿದ್ದು. ನಾಲ್ಕು ಗರ್ಭಗುಡಿಗಳಿವೆ. ಒಂದರಲ್ಲಿ ಲಕ್ಷ್ಮಿ, ಇನ್ನೊಂದರಲ್ಲಿ ಕಾಳಿ. ಆ ಕಾಳಿಯ ಬಾಗಿಲಿಗೆ ಎರಡೂ ಕಡೆ ಬೇತಾಳಗಳು ನಿಂತಿವೆ. ಆಳೆತ್ತರದ ಬೆತ್ತಲೆ ಮೈ, ಒಂದೊಂದೇ ಎಣಿಸಬಹುದಾದ ಪಕ್ಕೆಲುಬು, ಬೆನ್ನಿಗೆ ಅಂಟಿದ ಹೊಟ್ಟೆ. ಗುಡಿಯೊಳಗಿನ ಮಬ್ಬು ಬೆಳಕಿನಲ್ಲಿ ಮೊದಲ ಸಲ ನೋಡಿದವರು ಒಂದು ಹೆಜ್ಜೆ ಹಿಂದೆ ಹೋಗುವುದು ಸಹಜ. 2020ರ ನವೆಂಬರ್‌ನಲ್ಲಿ ಈ ಕಾಳಿಯ ವಿಗ್ರಹ ಒಡೆದಿದ್ದು ಕಂಡಾಗ ಜಿಲ್ಲೆಯ ಜನ ನೊಂದುಕೊಂಡರು. ಪುರಾತತ್ವ ಇಲಾಖೆ ಅದನ್ನು ಜೋಡಿಸಿತು.

ಇಲ್ಲಿ ಗಮನಿಸಬೇಕಾದ್ದು ಇಷ್ಟು. ಲಕ್ಷ್ಮಿಯ ಗುಡಿಯಲ್ಲೇ ಬೇತಾಳಕ್ಕೂ ಜಾಗವಿತ್ತು. ಕಟ್ಟಿಸಿದವರ ಹೆಸರು ಶಾಸನದಲ್ಲಿತ್ತು. ಉಗ್ರ ದೇವತೆಯ ಪೂಜೆ ಕದ್ದು ಮಾಡುವ ಕೆಲಸವಾಗಿರಲಿಲ್ಲ. ಅದೇ ಕಾಲದ ಕಾಳಾಮುಖ ಶೈವ ಯತಿಗಳನ್ನೇ ನೋಡಿ. ಹೆಸರು ಕೇಳಿದರೇ ಭಯಪಡುವ ಹಾಗೆ ಎದುರಾಳಿಗಳು ಅವರ ಬಗ್ಗೆ ಬರೆದರು. ಆದರೆ ಬಳ್ಳಿಗಾವೆಯ ಕೋಡಿಮಠದಲ್ಲಿ ಅವರು ಶಾಸ್ತ್ರಪಾಠ ಹೇಳುತ್ತಿದ್ದರು, ಅನ್ನ ಹಾಕುತ್ತಿದ್ದರು, ರೋಗಿಗಳಿಗೆ ಔಷಧ ಕೊಡುತ್ತಿದ್ದರು. 1162ರ ಶಾಸನ ಇದನ್ನು ವಿವರವಾಗಿ ಹೇಳುತ್ತದೆ. ಅವರು ರಾಜಗುರುಗಳೂ ಆಗಿದ್ದರು. ಅದೂ ಕಲ್ಲಿನ ಮೇಲಿದೆ.

ಶೃಂಗೇರಿಯಲ್ಲೂ ಹೀಗೇ. ವಿಜಯನಗರವನ್ನು ವಿದ್ಯಾರಣ್ಯರೇ ಕಟ್ಟಿಸಿದರು ಎಂಬ ಮಾತಿನ ಬಗ್ಗೆ ಇತಿಹಾಸಕಾರರಲ್ಲಿ ಜಗಳ ಮುಗಿದಿಲ್ಲ. ಆದರೆ 1346ರಲ್ಲಿ ಸಂಗಮ ಸೋದರರು ಶೃಂಗೇರಿಗೆ ಬಂದು ದಾನ ಕೊಟ್ಟಿದ್ದಕ್ಕೆ ಶಾಸನವಿದೆ. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಟಿಪ್ಪುವಿನ ಪತ್ರಗಳು. 1791ರಲ್ಲಿ ಮರಾಠಾ ಪಡೆ ಶೃಂಗೇರಿಯನ್ನು ಲೂಟಿ ಮಾಡಿತು. ಟಿಪ್ಪು ಆಗ ಇಂಗ್ಲಿಷರು, ಮರಾಠರು, ನಿಜಾಮ ಮೂವರನ್ನೂ ಒಟ್ಟಿಗೆ ಎದುರಿಸುತ್ತಿದ್ದ. ಮಠಕ್ಕೆ ನೆರವು ಕಳಿಸಿದ. ಜೊತೆಗೆ ಶತ್ರುಗಳ ನಾಶಕ್ಕಾಗಿ ಶತಚಂಡಿ, ಸಹಸ್ರಚಂಡಿ ಜಪ ಮಾಡಿಸಬೇಕು ಎಂದು ಸ್ವಾಮಿಗಳಿಗೆ ಬರೆದ. ಕನ್ನಡದಲ್ಲಿರುವ ಈ ಪತ್ರಗಳನ್ನು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಬೆಳಕಿಗೆ ತಂದರು. ಕುರ್ಚಿ ಅಲುಗಾಡಿದಾಗ ದೊರೆ ಯಾವ ಧರ್ಮದವನಾದರೂ ಮಂತ್ರದ ಮೊರೆ ಹೋಗುತ್ತಾನೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ದಾಖಲೆ ನಮ್ಮ ಕಡೆ ಇಲ್ಲ. ಬೇಡಿದ್ದು, ಕೊಟ್ಟಿದ್ದು ಎರಡೂ ಬರವಣಿಗೆಯಲ್ಲಿವೆ. ಅದಕ್ಕೇ ಇವತ್ತು ನಾವು ಅದರ ಬಗ್ಗೆ ವಾದ ಮಾಡಬಹುದು.

ಗುಟ್ಟಿನ ಸಂಘಗಳು, ಅಂದರೆ ಸದಸ್ಯತ್ವ, ದೀಕ್ಷೆ, ಪ್ರಮಾಣ ಎಲ್ಲ ಇರುವಂಥವು, ಯುರೋಪಿನಲ್ಲಿ ಬೆಳೆದ ರೀತಿ ಬೇರೆ. ಫ್ರೀಮೇಸನ್ನರು ಅಂಥ ಒಂದು ಸಂಘದವರು, ತಮ್ಮ ಶಾಖೆಗೆ ಲಾಡ್ಜ್ ಅನ್ನುತ್ತಾರೆ. ಲಂಡನ್ನಿನಲ್ಲಿ ಅವರ ಮಹಾಲಾಡ್ಜ್ 1717ರಲ್ಲಿ ಶುರುವಾಯಿತು. 1776ರ ಮೇ 1ರಂದು ಬವೇರಿಯಾದಲ್ಲಿ ಆಡಮ್ ವೈಶಾಪ್ಟ್ ಎಂಬ ಕಾನೂನು ಅಧ್ಯಾಪಕ ಇಲ್ಯುಮಿನಾಟಿ ಸಂಘ ಕಟ್ಟಿದ. ರಾಜ ಮತ್ತು ಚರ್ಚಿನ ಹಿಡಿತದಲ್ಲಿ ಬಾಯಿಬಿಟ್ಟು ಮಾತಾಡಲು ಆಗದವರು ಗುಟ್ಟಾಗಿ ಸೇರುತ್ತಿದ್ದರು. 1785ರ ಹೊತ್ತಿಗೆ ಅಲ್ಲಿನ ಸರ್ಕಾರ ಅದನ್ನು ನಿಷೇಧಿಸಿತು. ಸಂಘ ಬದುಕಿದ್ದು ಒಂಬತ್ತೇ ವರ್ಷ. ಆದರೆ ಫ್ರೆಂಚ್ ಕ್ರಾಂತಿಯನ್ನು ಮಾಡಿಸಿದ್ದು ಇವರೇ ಎಂಬ ಗುಲ್ಲು ಹುಟ್ಟಿತು. ಆ ಗುಲ್ಲು ಇವತ್ತಿಗೂ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಸಂಘ ಸತ್ತರೂ ಅದರ ಹೆಸರಿನ ಭಯ ಸಾಯುವುದಿಲ್ಲ. ಮುಂದೆ ಹಿಟ್ಲರನ ಜರ್ಮನಿಯಲ್ಲಿ ಫ್ರೀಮೇಸನ್ನರನ್ನು ಹಿಂಸಿಸಲು ಇದೇ ಭಯ ನೆಪವಾಯಿತು.

ನಮ್ಮ ದೇಶದ ರಾಜಕೀಯಕ್ಕೆ ನೇರವಾಗಿ ತಾಗಿದ್ದು ಥಿಯೊಸಾಫಿಕಲ್ ಸೊಸೈಟಿ. 1875ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿ, 1882ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂತು. ಗುಪ್ತಜ್ಞಾನ ಹುಡುಕುವವರ ಈ ಸಂಘದ ಸ್ಥಾಪಕರಲ್ಲಿ ಮೇಡಂ ಬ್ಲಾವಾಟ್ಸ್ಕಿ ಒಬ್ಬರು. ಹಿಮಾಲಯದಾಚೆ ಮಹಾತ್ಮರಿದ್ದಾರೆ, ಅವರ ಪತ್ರಗಳು ಗಾಳಿಯಲ್ಲೇ ಬಂದು ಬೀಳುತ್ತವೆ ಎಂದು ಆಕೆ ಹೇಳುತ್ತಿದ್ದರು. ಅಡ್ಯಾರಿನ ಮನೆಯಲ್ಲಿ ಗೋಡೆಗೆ ಒಂದು ಬೀರು ತೂಗುಹಾಕಿದ್ದರು. ಒಳಗೆ ಪ್ರಶ್ನೆ ಬರೆದಿಟ್ಟು ಬಾಗಿಲು ಹಾಕಿದರೆ, ಸ್ವಲ್ಪ ಹೊತ್ತಿನಲ್ಲಿ ಉತ್ತರ ಸಿಗುತ್ತಿತ್ತು. ಗೋಡೆಯ ಆ ಕಡೆ ಬ್ಲಾವಾಟ್ಸ್ಕಿಯ ಮಲಗುವ ಕೋಣೆ. 1884ರಲ್ಲಿ ಆ ಮನೆಯಲ್ಲಿ ಕೆಲಸಕ್ಕಿದ್ದ ಕೂಲೋಂ ದಂಪತಿ ಗುಟ್ಟು ಬಯಲು ಮಾಡಿದರು. ಇಂಥ ಪವಾಡಗಳನ್ನು ಪರೀಕ್ಷಿಸುವ ಲಂಡನ್ನಿನ ಸಂಘವೊಂದರಿಂದ ರಿಚರ್ಡ್ ಹಾಡ್ಜ್‌ಸನ್ ತನಿಖೆಗೆ ಬಂದರು. 1885ರಲ್ಲಿ ಪ್ರಕಟವಾದ ವರದಿ ಇದನ್ನೆಲ್ಲ ಮೋಸ ಅಂದಿತು. ಸೊಸೈಟಿಯವರು ಒಪ್ಪಲಿಲ್ಲ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಬೊಂಬಾಯಿಯಲ್ಲಿ 72 ಮಂದಿ ಸೇರಿ ಕಾಂಗ್ರೆಸ್ ಕಟ್ಟಿದರು. ಅದರ ಹಿಂದೆ ಓಡಾಡಿದ ಎ.ಒ. ಹ್ಯೂಮ್ ಶಿಮ್ಲಾದಲ್ಲಿ ಥಿಯೊಸಾಫಿಸ್ಟ್ ಆಗಿದ್ದವರು. ಮಹಾತ್ಮರ ಪತ್ರಗಳು ಅವರಿಗೂ ಬಂದಿದ್ದವು. ಆಮೇಲೆ ಬ್ಲಾವಾಟ್ಸ್ಕಿಯಿಂದ ದೂರವಾದರು. ಹಾಗಂತ ಮಹಾತ್ಮರೇ ಕಾಂಗ್ರೆಸ್ ಕಟ್ಟಿಸಿದರು ಅನ್ನುವುದು ಪೆದ್ದುತನ. ಸೊಸೈಟಿ ನಿಜವಾಗಿ ಕೊಟ್ಟಿದ್ದು ಬೇರೆ. ಊರೂರಿನ ವಕೀಲರು, ಮೇಷ್ಟ್ರು, ಅಧಿಕಾರಿಗಳು ಜಾತಿ, ಪ್ರಾಂತ ಬಿಟ್ಟು ಒಂದೆಡೆ ಕೂರುವ ಅಭ್ಯಾಸ ಕೊಟ್ಟಿತು. ವರ್ಷಕ್ಕೊಮ್ಮೆ ಸಮ್ಮೇಳನ ಸೇರುವ ರೂಢಿ ಕೊಟ್ಟಿತು. 1907ರಲ್ಲಿ ಸೊಸೈಟಿಯ ಅಧ್ಯಕ್ಷೆಯಾದ ಅನಿ ಬೆಸೆಂಟ್ 1916ರಲ್ಲಿ ಸ್ವಯಮಾಡಳಿತ ಕೇಳುವ ಹೋಮ್ ರೂಲ್ ಲೀಗ್ ಶುರು ಮಾಡಿದಾಗ ಸೊಸೈಟಿಯ ಊರೂರಿನ ಶಾಖೆಗಳೇ ನೆರವಿಗೆ ಬಂದವು. 1917ರ ಜೂನ್‌ನಲ್ಲಿ ಸರ್ಕಾರ ಅವರನ್ನು ಊಟಿಯಲ್ಲಿ ಬಂಧನದಲ್ಲಿಟ್ಟಿತು. ಡಿಸೆಂಬರ್‌ನಲ್ಲಿ ಅವರೇ ಕಾಂಗ್ರೆಸ್ ಅಧ್ಯಕ್ಷೆ. ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. ಬ್ರಿಟಿಷರು ಹೆದರಿದ್ದು ಬೆಸೆಂಟರ ದಿವ್ಯದೃಷ್ಟಿಗಲ್ಲ, ಅವರ ಪತ್ರಿಕೆಗೆ, ಭಾಷಣಕ್ಕೆ, ಶಾಖೆಗಳಿಗೆ.

ಗುಟ್ಟಿನ ಸಂಘದ ನಿಜವಾದ ಬಲ ಅಲ್ಲೇ ಇರುವುದು. ಯಾರು ಯಾರನ್ನು ಬಲ್ಲರು, ಯಾರ ಫೋನಿಗೆ ಯಾರು ಏಳುತ್ತಾರೆ ಎಂಬುದರಲ್ಲಿ. ಬೆಸೆಂಟ್ ಅದನ್ನು ಬಯಲಿಗೆ ತಂದು ಚಳವಳಿ ಮಾಡಿದರು. ಇಟಲಿಯಲ್ಲಿ ಉಲ್ಟಾ ಆಯಿತು. 1981ರ ಮಾರ್ಚ್‌ನಲ್ಲಿ ಪೊಲೀಸರು ಲಿಚೊ ಜೆಲ್ಲಿ ಎಂಬಾತನಿಗೆ ಸೇರಿದ ಜಾಗಗಳನ್ನು ಶೋಧಿಸಿದಾಗ ಅವನೇ ಮುಖ್ಯಸ್ಥನಾಗಿದ್ದ ಪಿ-2 ಎಂಬ ಗುಪ್ತ ಲಾಡ್ಜಿನ ಸದಸ್ಯರ ಪಟ್ಟಿ ಸಿಕ್ಕಿತು. 962 ಹೆಸರು. ಮಂತ್ರಿಗಳು, ಸೇನಾಧಿಕಾರಿಗಳು, ಗುಪ್ತಚರ ಸಂಸ್ಥೆಗಳ ಮುಖ್ಯಸ್ಥರು, ಪತ್ರಕರ್ತರು ಎಲ್ಲ ಅದರಲ್ಲಿದ್ದರು. ಮುಂದೆ ಪ್ರಧಾನಿಯಾದ ಬೆರ್ಲುಸ್ಕೋನಿಯ ಹೆಸರೂ ಇತ್ತು. ಪಟ್ಟಿ ಬಯಲಾದ ಮೇಲೆ ಪ್ರಧಾನಿ ಫೋರ್ಲಾನಿಯ ಸರ್ಕಾರ ಉರುಳಿತು. 1982ರಲ್ಲಿ ಇಟಲಿ ಗುಪ್ತ ಸಂಘಗಳ ವಿರುದ್ಧ ಕಾನೂನು ಮಾಡಿತು.

ನಮ್ಮಲ್ಲಿ ಲಾಡ್ಜಿನ ಜಾಗಕ್ಕೆ ಒಬ್ಬ ಗುರು ಸಾಕು. ತುರ್ತುಪರಿಸ್ಥಿತಿಯ ದಿನಗಳಲ್ಲಿ ಇಂದಿರಾ ಗಾಂಧಿಯವರಿಗೆ ಹತ್ತಿರವಾಗಿದ್ದ ಧೀರೇಂದ್ರ ಬ್ರಹ್ಮಚಾರಿಗೆ ಸರ್ಕಾರದಲ್ಲಿ ಹುದ್ದೆಯೇನೂ ಇರಲಿಲ್ಲ. ಕಲಿಸುತ್ತಿದ್ದದ್ದು ಯೋಗ. ಆದರೂ ಜಮ್ಮುವಿನಲ್ಲಿ ಬಂದೂಕು ಕಾರ್ಖಾನೆ ಇತ್ತು, ಓಡಾಡಲು ವಿಮಾನವಿತ್ತು. 1977ರಲ್ಲಿ ಇಂದಿರಾ ಸೋತರು. ಮರುವರ್ಷ ನವೆಂಬರ್‌ನಲ್ಲಿ ಅವರನ್ನು ಮತ್ತೆ ಲೋಕಸಭೆಗೆ ಕಳಿಸಿದ್ದು ಯಾವ ಗುರುವೂ ಅಲ್ಲ, ಚಿಕ್ಕಮಗಳೂರಿನ ಮತದಾರರು. 70 ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ. ತೊಂಬತ್ತರ ದಶಕದಲ್ಲಿ ನರಸಿಂಹ ರಾವ್ ಅವರಿಗೆ ಹತ್ತಿರವಾಗಿದ್ದ ತಾಂತ್ರಿಕ ಚಂದ್ರಾಸ್ವಾಮಿಯ ಕತೆಯೂ ಇಂಥದ್ದೇ. 1996ರಲ್ಲಿ ವಂಚನೆ ಪ್ರಕರಣದಲ್ಲಿ ಬಂಧನವಾಯಿತು, 2003ರಲ್ಲಿ ಕೋರ್ಟು ಖುಲಾಸೆ ಮಾಡಿತು. ಇಂಥವರ ಸುತ್ತ ಜನ ಸೇರುವುದು ಮಂತ್ರಕ್ಕಾಗಿ ಅಂದುಕೊಂಡರೆ ತಪ್ಪು. ದೊಡ್ಡವರ ಕೋಣೆಯ ಬಾಗಿಲು ತೆರೆಯಬಲ್ಲವರು ಇವರು, ಜನಕ್ಕೆ ಬೇಕಾದ್ದು ಅದು.

ಕರ್ನಾಟಕದ ಮೌಢ್ಯ ನಿಷೇಧ ಕಾನೂನಿಗೆ ವಿಧಾನಮಂಡಲ 2017ರಲ್ಲಿ ಒಪ್ಪಿಗೆ ಕೊಟ್ಟಿತು, ಜಾರಿಗೆ ಬಂದಿದ್ದು 2020ರ ಜನವರಿಯಲ್ಲಿ. ನರಬಲಿ, ನಿಧಿಗಾಗಿ ಹಿಂಸೆ, ಭಾನಾಮತಿ ಹೆಸರಿನಲ್ಲಿ ಹೊಡೆಯುವುದು, ಬೆತ್ತಲೆ ಮೆರವಣಿಗೆ ಇವೆಲ್ಲ ಅಪರಾಧವಾದವು. ಬೇಕಾಗಿದ್ದ ಕಾನೂನೇ. ಮಾಟಗಾತಿ ಎಂಬ ಹೆಸರು ಹೊತ್ತು ಊರು ಬಿಡಬೇಕಾದ ಹೆಂಗಸಿಗೆ ಇದರಿಂದ ಆಸರೆ ಸಿಕ್ಕಿದೆ. ಜ್ಯೋತಿಷ್ಯ, ವಾಸ್ತು ಇದರ ವ್ಯಾಪ್ತಿಗೆ ಬರುವುದಿಲ್ಲ. ಹಾಗಾಗಿ ಕಾನೂನು ಮುಟ್ಟುವುದು ಹಳ್ಳಿಯ ಮಂತ್ರವಾದಿಯನ್ನು. ಮಂತ್ರಿಯ ಬಂಗಲೆಯ ಬಾಗಿಲು ಯಾವ ದಿಕ್ಕಿಗಿರಬೇಕು, ಪ್ರಮಾಣವಚನ ಎಷ್ಟು ಗಂಟೆಗೆ ಆಗಬೇಕು ಎಂದು ಹೇಳುವವರನ್ನು ಅದು ಮುಟ್ಟುವುದಿಲ್ಲ. ಅವರು ಹೇಳಿದ್ದೇನು, ಪ್ರತಿಯಾಗಿ ಪಡೆದದ್ದೇನು ಎಂದು ತಿಳಿಯಲು ನಮಗೆ ದಾರಿಯೂ ಇಲ್ಲ.

2024ರಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ತಮ್ಮ ಮತ್ತು ಸರ್ಕಾರದ ವಿರುದ್ಧ ಕೇರಳದಲ್ಲಿ ಶತ್ರು ಭೈರವಿ ಯಾಗ ನಡೆಯುತ್ತಿದೆ ಎಂದು ಆರೋಪಿಸಿದರು. ಅಂಥದ್ದೇನೂ ನಡೆದಿಲ್ಲ ಎಂದು ಕೇರಳದ ಕಡೆಯಿಂದ ಉತ್ತರ ಬಂತು. ಮಾಡಿಸಿದವರು ಯಾರೆಂದು ಹೆಸರು ಬರಲಿಲ್ಲ, ಮಾತು ಅಲ್ಲಿಗೇ ನಿಂತಿತು.

2019ರ ಪರ್ಜನ್ಯ ಹೋಮವನ್ನು ಇದರ ಪಕ್ಕಕ್ಕೆ ಇಟ್ಟು ನೋಡಿ. ಮಳೆಗಾಗಿ ಜೂನ್ 6ರಂದು ಮುಜರಾಯಿ ದೇವಸ್ಥಾನಗಳಲ್ಲಿ ವಿಶೇಷ ಪೂಜೆ ಮಾಡಿಸಬೇಕು, ದೇವಸ್ಥಾನದ ಹಣದಲ್ಲಿ 10,001 ರೂಪಾಯಿ ಮೀರಬಾರದು ಎಂದು ಸರ್ಕಾರ ಆದೇಶ ಹೊರಡಿಸಿತು. ಶೃಂಗೇರಿ ಹತ್ತಿರದ ಕಿಗ್ಗದ ಋಷ್ಯಶೃಂಗೇಶ್ವರ ಗುಡಿಗೆ ಮಂತ್ರಿಗಳೇ ಬಂದು ಕೂತರು. ನನಗೆ ಆ ಆದೇಶ ಸರಿ ಕಾಣಲಿಲ್ಲ. ಬರಗಾಲದಲ್ಲಿ ಸರ್ಕಾರ ಮಾಡಬೇಕಾದ ಕೆಲಸ ಬೇರೆ ಇರುತ್ತದೆ, ಅಲ್ವಾ? ಆದರೆ ಅದು ಕಾಗದದ ಮೇಲಿತ್ತು. ದಿನಾಂಕವಿತ್ತು, ಮೊತ್ತವಿತ್ತು, ಕೂತವರ ಫೋಟೊ ಪತ್ರಿಕೆಗಳಲ್ಲಿ ಬಂತು. ವಿಚಾರವಾದಿಗಳು ಬೈದರು, ಭಕ್ತರು ಸಮರ್ಥಿಸಿದರು, ಮಂತ್ರಿಗಳು ಉತ್ತರ ಕೊಡಬೇಕಾಯಿತು.