ಓದುಗರ ಪ್ರಶ್ನೆ: ತಾನೇ ಬೇಲಿ ಹಾಕಿಕೊಂಡಿದ್ದ ಕೆಟ್, ಬೇಲಿ ಕೀಳುವವರ ಮುಂದಾಳಾದದ್ದು ಹೇಗೆ?

ಇಂಗ್ಲೆಂಡಿನ ಟ್ಯೂಡರ್ ಅರಸರ ಕಾಲದ ದಂಗೆಗಳ ಮಾತು ಬಂದಾಗಲೆಲ್ಲ ಈ ಪ್ರಶ್ನೆ ತಪ್ಪದೆ ಬರುತ್ತದೆ. 1549ರಲ್ಲಿ ಇಂಗ್ಲೆಂಡಿನ ನಾರ್ಫಕ್ ಸೀಮೆಯಲ್ಲಿ ದಂಗೆ ಎದ್ದವರ ನಾಯಕ ರಾಬರ್ಟ್ ಕೆಟ್ ಕೂಲಿಯವನಲ್ಲ. 57ರ ಆಸುಪಾಸಿನ ಸ್ಥಿತಿವಂತ, ಚರ್ಮ ಹದ ಮಾಡುವ ಕಸುಬಿನವನು, ಜಮೀನುದಾರ. ಗೋಮಾಳಕ್ಕೆ ಬೇಲಿ ಹಾಕಿಕೊಂಡವರಲ್ಲಿ ಅವನೂ ಒಬ್ಬ.

ಚಿಕ್ಕ ಉತ್ತರ ಇದು. ಜುಲೈ ಮೊದಲ ವಾರ ಕೆಟ್‌ನ ಊರು ವಿಂಡಮ್‌ನಲ್ಲಿ ಜಾತ್ರೆ. ಅಲ್ಲಿ ಸೇರಿದ್ದ ಜನ ಸುತ್ತಲಿನ ಬೇಲಿಗಳನ್ನು ಕೀಳುತ್ತಾ ಹೆದರ್‌ಸೆಟ್‌ನ ವಕೀಲ ಜಾನ್ ಫ್ಲವರ್‌ಡ್ಯೂನ ಜಮೀನಿಗೆ ನುಗ್ಗಿದರು. ಅವನಿಗೂ ಕೆಟ್‌ಗೂ ಹಳೆಯ ಹಗೆ. ದೊರೆ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ವಿಂಡಮ್‌ನವರು ದುಡ್ಡು ಕೊಟ್ಟು ತಮ್ಮ ಚರ್ಚಿನ ಭಾಗಗಳನ್ನು ಉಳಿಸಿಕೊಂಡಿದ್ದರು. ಫ್ಲವರ್‌ಡ್ಯೂ ಅದರ ಸೀಸವನ್ನೂ ಕಲ್ಲನ್ನೂ ಕಿತ್ತು ಸಾಗಿಸಿದ್ದ. ಈಗ ಅವನು ಗುಂಪಿನ ಕೈಗೆ ಕಾಸಿಟ್ಟು, ‘ಹೋಗಿ ಕೆಟ್‌ನ ಬೇಲಿ ಕೀಳಿ’ ಎಂದು ಕಳಿಸಿದ. ಕೆಟ್ ಅವರ ದೂರು ಕೇಳಿದ, ನ್ಯಾಯ ನಿಮ್ಮದೇ ಎಂದ, ತನ್ನ ಬೇಲಿ ಕೀಳುವುದಕ್ಕೆ ತಾನೇ ಕೈಹಾಕಿದ. ಆಮೇಲೆ ಅವರನ್ನು ಕರೆದುಕೊಂಡು ಫ್ಲವರ್‌ಡ್ಯೂನ ಜಮೀನಿಗೆ ವಾಪಸ್ ಹೋದ.

ಇಷ್ಟು ಹೇಳಿದರೂ ಪ್ರಶ್ನೆ ಮತ್ತೆ ಬರುತ್ತದೆ. ಪ್ರಶ್ನೆಯೊಳಗೇ ಒಂದು ತಪ್ಪು ಕಲ್ಪನೆ ಇರುವುದು ಇದಕ್ಕೆ ಕಾರಣ: ಧಣಿಗಳು ಕುರಿಗಾಗಿ ಬೇಲಿ ಹಾಕಿದರು, ರೈತರು ಬೀದಿಪಾಲಾದರು, ಬೇಲಿಯ ಮೇಲೆ ಯುದ್ಧ ಹೂಡಿದರು ಎಂಬ ಕಥೆ. ಕುರಿಗಳು ಮನುಷ್ಯರನ್ನೇ ತಿನ್ನುತ್ತಿವೆ ಎಂದು ಇಂಗ್ಲಿಷ್ ಲೇಖಕ ಥಾಮಸ್ ಮೋರ್ ಬರೆದದ್ದು 1516ರಲ್ಲಿ, ಕೆಟ್ ದಂಗೆಗೆ 33 ವರ್ಷ ಮೊದಲು. ಆ ಸಾಲನ್ನು ಎಳೆದು ತಂದು ನಾರ್ಫಕ್‌ಗೆ ಅಂಟಿಸುವುದನ್ನು ದಯವಿಟ್ಟು ನಿಲ್ಲಿಸಬೇಕು.

ದಂಗೆಕೋರರು ರಾಜನಿಗೆ ಕಳಿಸಿದ ಬೇಡಿಕೆಪಟ್ಟಿಯನ್ನು ಒಮ್ಮೆ ಓದಿದರೆ ಸಾಕು. ಒಟ್ಟು 29 ಬೇಡಿಕೆ. ಇನ್ನು ಮುಂದೆ ಯಾರೂ ಬೇಲಿ ಹಾಕಬಾರದು ಎಂಬ ಮಾತು ಇರುವುದು ಮೊದಲನೆಯದರಲ್ಲಿ ಮಾತ್ರ. ಅದೂ ಒಂದು ವಿನಾಯಿತಿಯೊಂದಿಗೆ ಶುರುವಾಗುತ್ತದೆ: ಕೇಸರಿ ಬೆಳೆಯುವ ಜಮೀನಿಗೆ ಈಗಾಗಲೇ ಬೇಲಿ ಹಾಕಿದವರಿಗೆ ತೊಂದರೆ ಕೊಡಬೇಡಿ, ಅವರು ಬಹಳ ಖರ್ಚು ಮಾಡಿದ್ದಾರೆ! ಇನ್ನೊಂದು ಬೇಡಿಕೆಯಲ್ಲಂತೂ ಬೇಲಿ ಹಾಕಿ ಎಂದು ಅವರೇ ಕೇಳುತ್ತಾರೆ. ಮೊಲ ಸಾಕುವವರು ಮಂದಿಗೆ ಉಪದ್ರವ ಆಗದಂತೆ ಅವುಗಳ ಸುತ್ತ ಬೇಲಿ ಕಟ್ಟಲಿ ಎಂದು. ಬೇಲಿ ಕಂಡರಾಗದವರು ಬರೆಯುವ ಪಟ್ಟಿಯೇ ಇದು?

ಹಾಗಾದರೆ ಸಿಟ್ಟು ಯಾವುದರ ಮೇಲೆ? ಕುರಿಯ ಮೇಲೆ ಹೌದು, ಆದರೆ ಬೇರೆ ರೀತಿಯಲ್ಲಿ. ನಮ್ಮಲ್ಲಿ ರೈತ ಗೊಬ್ಬರಕ್ಕೆಂದು ಕುರಿಗಾರನಿಗೆ ದುಡ್ಡು ಅಥವಾ ಕಾಳು ಕೊಟ್ಟು ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾನೆ, ಬೇಡವೆಂದರೆ ಬಿಡುತ್ತಾನೆ. ನಾರ್ಫಕ್‌ನ ಮರಳು ಮಣ್ಣಿನ ಸೀಮೆಯಲ್ಲಿ ಬೇಡವೆನ್ನುವ ಹಕ್ಕು ರೈತನಿಗಿರಲಿಲ್ಲ. ಸುಗ್ಗಿ ಮುಗಿದಾಗಿನಿಂದ ಮತ್ತೆ ಬಿತ್ತುವ ತನಕ ಧಣಿಯ ಮಂದೆ ಒಕ್ಕಲುಗಳ ಹೊಲಗಳಲ್ಲೆಲ್ಲ ಕೂಳೆ ಮೇಯುತ್ತಿತ್ತು, ಬೀಳು ಬಿಟ್ಟ ನೆಲವೂ ಅದಕ್ಕೇ. ಒಕ್ಕಲು ಆ ಮಂದೆಗೆ ತನ್ನ ಕುರಿ ಸೇರಿಸುವುದಾದರೆ ಅದಕ್ಕೆ ಮಿತಿ ಇತ್ತು. ಉಣ್ಣೆಯ ಬೆಲೆ ಏರಿದಂತೆ ಧಣಿಗಳು ಮಂದೆ ಹಿಗ್ಗಿಸಿ ಗೋಮಾಳಕ್ಕೂ ನುಗ್ಗಿಸಿದರು. ಬಡವನ ಒಂದು ಹಸುವಿಗೆ ಹುಲ್ಲು ಉಳಿಯಲಿಲ್ಲ. ಇಂಥ ಕಡೆ ಒಕ್ಕಲು ತನ್ನ ತುಂಡು ಹೊಲಕ್ಕೆ ತಾನೇ ಬೇಲಿ ಹಾಕಿದರೆ ಧಣಿಯ ಕುರಿಗೆ ತಡೆ ಬೀಳುತ್ತಿತ್ತು. ಎಷ್ಟೋ ಕಡೆ ಬೇಲಿ ರೈತನ ಪರವಾಗಿಯೇ ಇತ್ತು.

ಆದ್ದರಿಂದಲೇ ಪಟ್ಟಿಯ ಮೂರನೇ ಬೇಡಿಕೆ, ಯಾವ ಧಣಿಯೂ ಗೋಮಾಳದಲ್ಲಿ ದನಕುರಿ ಮೇಯಿಸಕೂಡದು. ಕಟ್ಟಕಡೆಯದು, ವರ್ಷಕ್ಕೆ 40 ಪೌಂಡ್ ಜಮೀನು ಆದಾಯವಿರುವವರು ಮನೆಯ ಊಟಕ್ಕೆ ಬೇಕಾದಷ್ಟು ಬಿಟ್ಟು ಕುರಿ, ಎತ್ತು ಮೇಯಿಸಕೂಡದು. ಉಳಿದವೂ ಇದೇ ಧಾಟಿಯವು. ಹುಲ್ಲುಗಾವಲಿನ ಗೇಣಿ ಏಳನೇ ಹೆನ್ರಿ ಪಟ್ಟಕ್ಕೆ ಬಂದ 1485ರ ದರಕ್ಕೆ ಇಳಿಯಲಿ. ನದಿಗಳಲ್ಲಿ ಮೀನು ಹಿಡಿಯಲು, ಓಡಾಡಲು ಎಲ್ಲರಿಗೂ ಬಿಡುವಿರಲಿ. ಸಾಮಾನ್ಯರು ಹೊಸದಾಗಿ ಪಾರಿವಾಳದ ಗೂಡುಮನೆ ಕಟ್ಟದಿರಲಿ (ಸಾವಿರಾರು ಪಾರಿವಾಳ ಇಳಿಯುವುದು ಬಿತ್ತಿದ ಹೊಲಕ್ಕೆ ತಾನೆ). ಜೀತದಾಳುಗಳೆಲ್ಲ ಬಿಡುಗಡೆಯಾಗಲಿ.

ಇದರ ಜೊತೆಗೆ ನಾಣ್ಯದ ಪೆಟ್ಟು. 1544ರಿಂದ ಬೆಳ್ಳಿ ನಾಣ್ಯಕ್ಕೆ ತಾಮ್ರ ಬೆರೆಸಿ ಯುದ್ಧದ ಖರ್ಚು ತೂಗಿಸಿದ್ದರಿಂದ ಬೆಲೆಗಳು ಎದ್ದಿದ್ದವು. ರಾಜ ಆರನೇ ಎಡ್ವರ್ಡ್‌ಗೆ ಆಗ 11 ವರ್ಷ; ಅಧಿಕಾರ ನಡೆಸುತ್ತಿದ್ದ ಸೋದರಮಾವ ಸಾಮರ್‌ಸೆಟ್ ಡ್ಯೂಕ್ 1548ರಲ್ಲೇ ಅಕ್ರಮ ಬೇಲಿಗಳ ತನಿಖೆಗೆ ಆಯೋಗ ಕಳಿಸಿದ್ದ. ಜನ ತಾವು ರಾಜನ ಕೆಲಸವನ್ನೇ ಮಾಡುತ್ತಿದ್ದೇವೆ ಅಂದುಕೊಂಡರು. ಕ್ಷಮಾದಾನ ಹಿಡಿದು ಬಂದ ರಾಜದೂತನಿಗೆ ಕೆಟ್ ಕೊಟ್ಟ ಉತ್ತರವೂ ಅದೇ: ಕ್ಷಮೆ ಬೇಕಾಗುವುದು ತಪ್ಪಿತಸ್ಥರಿಗೆ, ನಾವು ತಪ್ಪು ಮಾಡಿಲ್ಲ. ಧರ್ಮದ ದಂಗೆ ಎನ್ನುವವರು ಅದೇ ಬೇಸಿಗೆಯ ಡೆವನ್, ಕಾರ್ನ್‌ವಾಲ್ ದಂಗೆಯ ಜೊತೆ ಇದನ್ನು ಕಲಸುತ್ತಾರೆ. ಅಲ್ಲಿನವರು ಸರ್ಕಾರ ತಂದ ಹೊಸ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ಬೇಡವೆಂದರು, ಕೆಟ್‌ನ ಶಿಬಿರದಲ್ಲಿ ಅದೇ ಪುಸ್ತಕದಿಂದ ಪ್ರಾರ್ಥನೆ ನಡೆಯುತ್ತಿತ್ತು.

ಪರಿಣಾಮ? ಅಕ್ಟೋಬರ್‌ನಲ್ಲಿ ಸಾಮರ್‌ಸೆಟ್ ಅಧಿಕಾರ ಕಳೆದುಕೊಂಡ. ದಂಗೆ ಅಡಗಿಸಿದ ವಾರಿಕ್ ಅರ್ಲ್ ಜಾನ್ ಡಡ್ಲಿ ಆ ಜಾಗಕ್ಕೆ ಏರಿದ. ಕೆಟ್‌ನನ್ನು ಡಿಸೆಂಬರ್ 7ರಂದು ನಾರ್ಫಕ್‌ನ ಮುಖ್ಯ ನಗರ ನಾರಿಚ್‌ನ ಕೋಟೆಯ ಗೋಡೆಯಿಂದ, ಅಣ್ಣ ವಿಲಿಯಂನನ್ನು ವಿಂಡಮ್ ಚರ್ಚಿನ ಗೋಪುರದಿಂದ ನೇಣು ಹಾಕಿದರು. ಮುಂದಿನ ಪಾರ್ಲಿಮೆಂಟು ಕುರಿ ತೆರಿಗೆ ರದ್ದು ಮಾಡಿತು, ಊರಿನ ಪಾಳು ನೆಲಕ್ಕೆ ಬೇಲಿ ಹಾಕುವ ಧಣಿಗಳ ಹಕ್ಕನ್ನು ಖಾಯಂ ಮಾಡಿತು, 12 ಅಥವಾ ಹೆಚ್ಚು ಜನ ಸೇರಿ ಬೇಲಿ ಕೀಳುವುದನ್ನು ಘೋರ ಅಪರಾಧವಾಗಿಸಿತು. ಇನ್ನೂ ನೇಣು ಹಾಕಿಸಿ ಎಂದ ಧಣಿಗಳಿಗೆ ಡಡ್ಲಿ, ಹಾಗಾದರೆ ನಿಮ್ಮ ಹೊಲ ನೀವೇ ಉಳುತ್ತೀರಾ ಎಂದು ಕೇಳಿದನೆಂದು ವೃತ್ತಾಂತಗಳು ಹೇಳುತ್ತವೆ.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ನಾರಿಚ್ ಪಕ್ಕದ ಮೌಸ್‌ಹೋಲ್ಡ್ ದಿಬ್ಬದಲ್ಲಿ ಜುಲೈ 12ರಿಂದ ಬೀಡುಬಿಟ್ಟ ಸುಮಾರು 16,000 ಜನ ಆರು ವಾರ ಏನು ತಿಂದರು? ಧಣಿಗಳ ಕುರಿಗಳನ್ನೇ. ಓಕ್ ಮರದ ಕೆಳಗೆ ಕೂತ ಕೆಟ್‌ನ ಸಭೆ ರಾಜನ ಹೆಸರಿನಲ್ಲಿ ಅಪ್ಪಣೆ ಚೀಟಿ ಬರೆದುಕೊಡುತ್ತಿತ್ತು. ಅದನ್ನು ತೋರಿಸಿ ದನ, ಕುರಿ, ಕಾಳು ತರುತ್ತಿದ್ದರು. ನಗರವೂ ಅದರ ಮಾರುಕಟ್ಟೆಯೂ ಕೈಯಲ್ಲಿರುವ ತನಕ ಈ ವ್ಯವಸ್ಥೆ ನಡೆಯಿತು. ಆಗಸ್ಟ್ 24ರಂದು ಡಡ್ಲಿ ನಾರಿಚ್ ಹೊಕ್ಕು ಸಾಮಾನು ಸರಬರಾಜಿನ ದಾರಿ ಕಡಿದ. ಎರಡು ದಿನಕ್ಕೆ ಜರ್ಮನ್ ಬಾಡಿಗೆ ಸಿಪಾಯಿಗಳೂ ಬಂದರು. ದಂಗೆಕೋರರು ಶಿಬಿರಕ್ಕೆ ಬೆಂಕಿ ಇಟ್ಟು ದಿಬ್ಬ ಬಿಟ್ಟರು. 27ರಂದು ಡಸಿನ್‌ಡೇಲ್‌ನಲ್ಲಿ, ಕುದುರೆ ಪಡೆಗೆ ಅನುಕೂಲವಾದ ತೆರೆದ ನೆಲದಲ್ಲಿ, ಅವರು ಯುದ್ಧ ಸೋತರು.